ಮೋಡ ನೋಡಿ ಬಿತ್ತಬೇಡಿ, ಮಳೆ ಅಳೆದು ಬಿತ್ತಿ



ಮುಂಗಾರಿನ ದಿನಗಳಲ್ಲಿ ನಾವು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಕಡೆ ಸಂಘದ ಸಭೆಗೆ ಹೋದಾಗ ಕೇಳಿಬರುವ ಮಾತು ಒಂದೇ. "ಸಿಸ್ಟರ್, ವಾರದಿಂದ ಮೋಡ ಐತೆ, ಗಾಳಿ ಐತೆ, ದಿನಾ ನಾಕು ಹನಿ ಬೀಳ್ತೈತೆ. ಶೇಂಗಾ ಹಾಕಿಬಿಡಾನಾ?"

ಇದು ಸಣ್ಣ ಪ್ರಶ್ನೆಯಲ್ಲ. ಎಕರೆಗೆ ಸುಮಾರು 40ರಿಂದ 50 ಕೆ.ಜಿ. ಶೇಂಗಾ ಬೀಜ ಬೇಕು. ಎಷ್ಟೋ ಮನೆಗಳಲ್ಲಿ ಆ ದುಡ್ಡು ಸಂಘದ ಸಾಲದಿಂದ ಬಂದದ್ದು. ಬೀಜ ಮಣ್ಣಿನಲ್ಲೇ ಕಮರಿಹೋದರೂ ಕಂತು ಮಾತ್ರ ತಪ್ಪುವುದಿಲ್ಲ. ಹಾಗಾಗಿ ಬಿತ್ತುವ ಮುಂಚೆ ಒಂದು ವಾರದ ಹವಾಮಾನವನ್ನು ನಾವೇ ಹೇಗೆ ಲೆಕ್ಕ ಹಾಕಬಹುದು ಎಂದು ನೋಡೋಣ.

ಮೋಡ ಇದ್ದೂ ಮಳೆ ಯಾಕಿಲ್ಲ?

ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುತ್ತದೆ. ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರಿ, ತಣ್ಣಗಾಗಿ ಅಲ್ಲೇ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟ ದಾಟಿ ಕೆಳಗಿಳಿಯುವಾಗ ಅದೇ ಗಾಳಿ ಬೆಚ್ಚಗಾಗಿ ಒಣಗುತ್ತದೆ. ನಮ್ಮ ಚಳ್ಳಕೆರೆಗೆ ಸಿಗುವುದು ವರ್ಷಕ್ಕೆ 500 ಮಿ.ಮೀ. ಆಸುಪಾಸು. ಇದನ್ನೇ ಮಳೆ ನೆರಳಿನ ಪ್ರದೇಶ ಎನ್ನುತ್ತಾರೆ. ಜೂನ್, ಜುಲೈನಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ, ಮೋಡಗಳು ಓಡುತ್ತವೆ, ಹನಿ ಮಾತ್ರ ಕಡಿಮೆ. ಈ ಭಾಗಕ್ಕೆ ದೊಡ್ಡ ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ.

ಡಬ್ಬಿಯಲ್ಲಿ ಮಳೆ ಅಳೆಯುವುದು

ಇದಕ್ಕೆ ಖರ್ಚಿಲ್ಲ. ತಳ ಚಪ್ಪಟೆಯಾಗಿ, ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಸ್ಟೀಲ್ ಡಬ್ಬಿ ಸಾಕು. ಮರ, ಗೋಡೆ, ಸೂರಿನಿಂದ ದೂರ, ಬಯಲಿನಲ್ಲಿ ಇಡಿ. ಗಾಳಿಗೆ ಉರುಳದಂತೆ ಸುತ್ತ ಕಲ್ಲು ಕೊಡಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲು ಇಳಿಬಿಟ್ಟು ನೀರಿನ ಆಳ ನೋಡಿ. ಸ್ಕೇಲಿನ ತುದಿಯಲ್ಲಿ ಸೊನ್ನೆಗಿಂತ ಮುಂಚೆ ಸ್ವಲ್ಪ ಜಾಗವಿರುತ್ತದೆ, ಅದನ್ನೂ ಸೇರಿಸಿಕೊಳ್ಳಿ. ಬರೆದಿಟ್ಟು ನೀರು ಚೆಲ್ಲಿ, ಡಬ್ಬಿ ಮತ್ತೆ ಇಡಿ. ಹವಾಮಾನ ಇಲಾಖೆಯವರೂ ಎಂಟೂವರೆಯಿಂದ ಎಂಟೂವರೆಗೇ ಒಂದು ದಿನದ ಮಳೆ ಲೆಕ್ಕ ಹಾಕುತ್ತಾರೆ. 1 ಮಿ.ಮೀ. ಮಳೆ ಎಂದರೆ ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು.

ವಾರದ ಲೆಕ್ಕ ಓದುವುದು

ಉದಾಹರಣೆಗೆ, ಒಂದು ವಾರ ದಿನಾ 2, 1, 0, 3, 2, 0, 4 ಮಿ.ಮೀ. ಬಿತ್ತು ಎನ್ನಿ. ಒಟ್ಟು 12. ಇನ್ನೊಂದು ವಾರ ಒಂದೇ ರಾತ್ರಿ 12 ಬಿತ್ತು, ಉಳಿದ ದಿನ ಸೊನ್ನೆ. ಮೊತ್ತ ಒಂದೇ, ಹೊಲಕ್ಕೆ ಮಾತ್ರ ಒಂದೇ ಅಲ್ಲ. ದಿನಕ್ಕೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಇಲಾಖೆ ಅದನ್ನು ಮಳೆ ದಿನ ಎನ್ನುತ್ತದೆ. ಮೊದಲ ವಾರದಲ್ಲಿ ಅಂಥವು ಎರಡೇ ದಿನ. ಮಿಕ್ಕ ಹನಿಯನ್ನು ಗಾಳಿಯೇ ಕುಡಿದುಬಿಡುತ್ತದೆ. ಒಂದೇ ರಾತ್ರಿಯ ಮಳೆಯಾದರೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಾಗಂತ ಅದೂ ಸಾಲದೇ ಇರಬಹುದು.

ಹಾಗಾಗಿ ಕೊನೆಯ ಮಾತು ಮಣ್ಣಿನದೇ. ಹೊಲದಲ್ಲಿ ನಾಲ್ಕಾರು ಕಡೆ ಗೇಣುದ್ದ ಅಗೆಯಿರಿ. ಕೆಳಗಿನ ಮಣ್ಣನ್ನು ಹಿಡಿಯಲ್ಲಿ ಅಮುಕಿದರೆ ಉಂಡೆ ಕಟ್ಟಬೇಕು. ಮೇಲೆ ಹಸಿ, ಕೆಳಗೆ ಧೂಳು ಇದ್ದರೆ ಹದ ಬಂದಿಲ್ಲ, ಕಾಯಿರಿ. ಅಂಥ ನೆಲದಲ್ಲಿ ಬೀಜ ಮೊಳೆಯುತ್ತದೆ, ಬೇರಿಗೆ ತೇವ ಸಿಗದೆ ಒಣಗುತ್ತದೆ.

ಸಂಘ ಏನು ಮಾಡಬಹುದು?

ಒಂದೇ ಊರಿನಲ್ಲಿ ಕೆರೆಯ ಆಚೆ ಮಳೆ, ಈಚೆ ಬಿಸಿಲು ಇರುವುದುಂಟು. ಆದ್ದರಿಂದ ಊರಿನ ನಾಲ್ಕು ದಿಕ್ಕಿಗೆ ಒಂದೊಂದು ಡಬ್ಬಿ ಇಡಿ. ಓದು ಬಲ್ಲ ಹೆಣ್ಣುಮಕ್ಕಳು ಬರೆದಿಡಲಿ, ವಾರದ ಸಭೆಯಲ್ಲಿ ಎಲ್ಲರಿಗೂ ಓದಿ ಹೇಳಲಿ. ಮೊಬೈಲ್ ಇರುವವರು 2019ರಲ್ಲಿ ಬಂದ 'ಮೇಘದೂತ್' ಆಪ್‌ನಲ್ಲಿ ಮುಂದಿನ ಐದು ದಿನಗಳ ಮುನ್ಸೂಚನೆ ನೋಡಬಹುದು. ಮುನ್ಸೂಚನೆ ದೊಡ್ಡ ಪ್ರದೇಶಕ್ಕೆ ಕೊಡುವುದು, ಡಬ್ಬಿಯ ಲೆಕ್ಕ ನಿಮ್ಮ ಹೊಲದ್ದು. ಎರಡನ್ನೂ ಜೊತೆಗಿಟ್ಟು ನೋಡಿ.

ಹಿರಿಯರು ಹೇಳುವ ಮೃಗಶಿರ, ಆರಿದ್ರ, ಪುನರ್ವಸು ಲೆಕ್ಕವನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಒಂದೊಂದು ಮಳೆ ನಕ್ಷತ್ರಕ್ಕೆ 13-14 ದಿನ. ಅದು ಬಿತ್ತನೆಯ ಕಾಲ ಹೇಳುತ್ತದೆ, ಬಿತ್ತನೆಯ ದಿನವನ್ನು ಡಬ್ಬಿ ಮತ್ತು ಮಣ್ಣು ಹೇಳಬೇಕು. ಜುಲೈ ಮುಗಿದರೂ ಹದ ಬಾರದಿದ್ದರೆ, ಶೇಂಗಾ ಬದಲು ನವಣೆ, ಹುರುಳಿ ಹಾಕುವ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಪಕ್ಕದ ಹೊಲದವರು ಬಿತ್ತಿದರೆಂದು ಗಡಿಬಿಡಿ ಬೇಡ. ಒಂದು ವಾರ ಕಾಯ್ದರೆ ಬೀಜ ಚೀಲದಲ್ಲೇ ಇರುತ್ತದೆ. ಹದವಿಲ್ಲದ ನೆಲಕ್ಕೆ ಹಾಕಿದ ಬೀಜವನ್ನು ವಾಪಸ್ ತೆಗೆಯಲು ಯಾರಿಂದಲೂ ಆಗದು.