‘ಹುಡುಗಿಯರು’ ಅಂದರೆ ಯಾವ ಹುಡುಗಿಯರು?

ತಪ್ಪು ಕಲ್ಪನೆ: ವಿಜ್ಞಾನದಲ್ಲಿ ಈಗ ಹುಡುಗಿಯರದೇ ಮೇಲುಗೈ, ಅಸಮಾನತೆ ಹಳೆಯ ಕಥೆ.

ಸತ್ಯ: ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021–22ರ ವರದಿ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಪದವಿಯಿಂದ ಪಿಎಚ್‌.ಡಿ.ವರೆಗೆ ವಿಜ್ಞಾನ ಓದುತ್ತಿದ್ದ 57.2 ಲಕ್ಷ ಮಂದಿಯಲ್ಲಿ 29.8 ಲಕ್ಷ ಹೆಣ್ಣುಮಕ್ಕಳು. ಸಂತೋಷದ ಸುದ್ದಿಯೇ. ಆದರೆ ಐಐಟಿಗಳಲ್ಲಿ ಹುಡುಗಿಯರು ತೀರಾ ಕಡಿಮೆಯಿದ್ದ ಕಾರಣ 2018ರಿಂದ ಅವರಿಗೆಂದೇ ಹೆಚ್ಚುವರಿ ಸೀಟು ಕೊಡಬೇಕಾಯಿತು. ಅದಕ್ಕಿಂತ ಮುಖ್ಯವಾಗಿ, ಆ 29.8 ಲಕ್ಷದಲ್ಲಿ ದಲಿತರೆಷ್ಟು, ಹಳ್ಳಿಯವರೆಷ್ಟು, ಕಣ್ಣು ಕಾಣದವರೆಷ್ಟು ಎಂಬುದನ್ನು ಈ ಒಂದು ಅಂಕಿ ಹೇಳುವುದಿಲ್ಲ.

ತಪ್ಪು ಕಲ್ಪನೆ: ಹೆಣ್ಣಾಗಿ ಹುಟ್ಟಿದ ಮೇಲೆ ಎಲ್ಲರಿಗೂ ಅಡ್ಡಿ ಒಂದೇ.

ಸತ್ಯ: ಇಬ್ಬರು ವಿಜ್ಞಾನಿಗಳ ಬದುಕನ್ನು ಅಕ್ಕಪಕ್ಕ ಇಟ್ಟು ನೋಡೋಣ. 1933ರಲ್ಲಿ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಬೇಡವೆಂದರು. ಆಕೆ ಪಟ್ಟು ಬಿಡದಿದ್ದಾಗ ಷರತ್ತುಗಳ ಮೇಲೆ ಸೇರಿಸಿಕೊಂಡರು. ಅವಮಾನ ದೊಡ್ಡದೇ. ಆದರೆ ಆಕೆಯ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಓದಿದ ರಸಾಯನ ವಿಜ್ಞಾನಿಗಳು. ಆ ಬಾಗಿಲು ಎಲ್ಲಿದೆ, ಹೇಗೆ ತಟ್ಟಬೇಕು ಎಂಬುದು ಮನೆಯಲ್ಲೇ ಗೊತ್ತಿತ್ತು.

ತಲಶ್ಶೇರಿಯ ಜಾನಕಿ ಅಮ್ಮಾಳ್ ತೀಯ ಸಮುದಾಯದವರು. ಮನೆಯಲ್ಲಿ ಅನುಕೂಲವಿತ್ತು. 1931ರಲ್ಲಿ ಮಿಶಿಗನ್‌ನಿಂದ ಡಾಕ್ಟರೇಟ್ ಪಡೆದು ಬಂದು ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ದುಡಿದರು. ಅಲ್ಲಿನ ಗಂಡಸರಿಗೆ ಆಕೆ ಹೆಣ್ಣು, ಅವಿವಾಹಿತೆ, ‘ಕೆಳಜಾತಿ’ಯವಳು ಎಂಬ ಮೂರೂ ಒಟ್ಟಿಗೆ ಕಣ್ಣಿಗೆ ಚುಚ್ಚಿದವು. ಹಣ, ಡಾಕ್ಟರೇಟು ಯಾವುದೂ ಆಕೆಯನ್ನು ಕಾಯಲಿಲ್ಲ. ಜಾತಿಯ ಈ ಅಡ್ಡಿ ಕಮಲಾ ಅವರಿಗೆ ಎದುರಾಗಿರಲಿಲ್ಲ.

ಹೀಗೆ ಹಲವು ಅಡ್ಡಿಗಳು ಒಬ್ಬಳ ಮೇಲೆ ಒಟ್ಟಿಗೆ ಬೀಳುವುದಕ್ಕೆ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್ಶಾ 1989ರಲ್ಲಿ ‘ಇಂಟರ್‌ಸೆಕ್ಷನಾಲಿಟಿ’ ಎಂದು ಹೆಸರಿಟ್ಟರು. ಅವರ ಹೋಲಿಕೆಯಂತೆ, ನಾಲ್ಕು ರಸ್ತೆ ಕೂಡುವ ಕಡೆ ನಿಂತವಳಿಗೆ ಗಾಡಿ ಯಾವ ದಿಕ್ಕಿನಿಂದಲೂ ಗುದ್ದಬಹುದು, ಒಮ್ಮೆಗೇ ಎರಡು ದಿಕ್ಕಿನಿಂದಲೂ. ವರ್ಣಭೇದ ಬೇರೆ, ಲಿಂಗಭೇದ ಬೇರೆ ಎಂದು ಎಣಿಸುತ್ತಿದ್ದ ಅಲ್ಲಿನ ನ್ಯಾಯಾಲಯಗಳಿಗೆ ಕಪ್ಪು ಹೆಂಗಸರ ದೂರು ಅರ್ಥವೇ ಆಗಿರಲಿಲ್ಲ.

ತಪ್ಪು ಕಲ್ಪನೆ: ಪಿಯುಸಿ ಸೈನ್ಸ್ ಬಿಟ್ಟ ಹಳ್ಳಿ ಹುಡುಗಿಗೆ ಆಸಕ್ತಿ ಇರಲಿಲ್ಲ.

ಸತ್ಯ: ದುಡ್ಡು ಸಾಲದಿದ್ದಾಗ ಮಗನನ್ನು ಇಂಗ್ಲಿಷ್ ಮೀಡಿಯಂಗೂ ಮಗಳನ್ನು ಸರ್ಕಾರಿ ಶಾಲೆಗೂ ಕಳಿಸುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಹತ್ತನೇ ತರಗತಿಯವರೆಗೆ ‘ವೇಗೋತ್ಕರ್ಷ’, ‘ದ್ಯುತಿಸಂಶ್ಲೇಷಣೆ’ ಎಂದು ಚೆನ್ನಾಗಿಯೇ ಕಲಿತವಳು ಜೂನ್‌ನಲ್ಲಿ ಪಿಯುಸಿ ತರಗತಿಗೆ ಬಂದು ಕೂತರೆ ಅದೇ ಪಾಠ ‘ಆಕ್ಸಿಲರೇಷನ್’, ‘ಫೋಟೋಸಿಂಥೆಸಿಸ್’ ಆಗಿರುತ್ತದೆ. ಗೊತ್ತಿದ್ದ ಉತ್ತರವೂ ಬಾಯಿಗೆ ಬರುವುದಿಲ್ಲ. ಇದನ್ನು ದಡ್ಡತನ ಎಂದು ಬರೆದುಕೊಳ್ಳುವ ಮೇಷ್ಟ್ರುಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮೊದಲ ಮೂರು ತಿಂಗಳು ಎರಡೂ ಭಾಷೆಯ ಪದಗಳನ್ನು ಬೋರ್ಡಿನ ಮೇಲೆ ಜೊತೆಗೇ ಬರೆಯಲು ಖರ್ಚೇನೂ ಇಲ್ಲ.

ಭಾಷೆಯ ಜೊತೆಗೆ ದಾರಿಯೂ ಅಡ್ಡಿಯೇ. 2023ರ ಜೂನ್ 11ರಿಂದ ಕರ್ನಾಟಕದ ಶಕ್ತಿ ಯೋಜನೆಯಲ್ಲಿ ಈ ಹುಡುಗಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತ. ದೊಡ್ಡ ಆಸರೆ ಅದು. ಆದರೆ ಪ್ರಾಕ್ಟಿಕಲ್ ಮುಗಿಯುವುದು ಸಂಜೆ ಐದಕ್ಕೆ, ಊರಿನ ಕಡೆಯ ಬಸ್ಸು ಹೊರಡುವುದು ನಾಲ್ಕೂವರೆಗೆ ಎಂದಾದರೆ, ಲ್ಯಾಬ್ ವೇಳಾಪಟ್ಟಿ ಬರೆಯುವವರು ಮೊದಲು ಬಸ್‌ಸ್ಟ್ಯಾಂಡಿನ ಬೋರ್ಡು ನೋಡಿ ಬರಬೇಕು.