ಕಣ್ಣಿಗೆ ಕಾಣುವ ‘ಅರ್ಜಿ’ ಕಂಪ್ಯೂಟರಿಗೇಕೆ ಸಿಗದು?

“ಪದ ಕಣ್ಣ ಮುಂದ ಅದ, ಹುಡುಕಿದ್ರ ಇಲ್ಲ ಅಂತದ. ಹಿಂಗ್ಯಾಕ ಸರ್?” ಸೇಡಂ ಕಡೆಯ ಓದುಗರೊಬ್ಬರ ಪ್ರಶ್ನೆಯಿದು. ಅವರ ಕಚೇರಿಗೆ ಬಂದ ಹೊಸ ತಂತ್ರಾಂಶದ ಕನ್ನಡ ಕೈಪಿಡಿ ಪಿಡಿಎಫ್ ರೂಪದಲ್ಲಿದೆ. ಸಲ್ಲಿಸಿದ ಅರ್ಜಿಯನ್ನು ತಿದ್ದುವುದು ಹೇಗೆಂದು ನೋಡಲು ಕಂಟ್ರೋಲ್ ಎಫ್ ಒತ್ತಿ ‘ಅರ್ಜಿ’ ಎಂದು ಟೈಪ್ ಮಾಡಿದ್ದಾರೆ. ಒಂದೂ ಸಿಗಲಿಲ್ಲ. ಪುಟ ಸರಿಸಿದರೆ ಎಲ್ಲೆಲ್ಲೂ ಅರ್ಜಿಯೇ!

ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕಂಟ್ರೋಲ್ ರೂಮಿನಂಥ ಕಡೆ ಬಳಸುವ ದಪ್ಪ ದಪ್ಪ ಇಂಗ್ಲಿಷ್ ಕೈಪಿಡಿಗಳಲ್ಲಿ ಈ ತೊಂದರೆ ಅಪರೂಪ. ಅದನ್ನು ನೋಡಿಯೇ “ಕಂಪ್ಯೂಟರಿಗೆ ಕನ್ನಡ ಒಗ್ಗೋದಿಲ್ಲ” ಎಂಬ ಮಾತು ಹುಟ್ಟಿರಬೇಕು. ಇದು ಅಪ್ಪಟ ಮೂಢನಂಬಿಕೆ. ಓದು ಬರಹ ಬಲ್ಲವರ ಬಾಯಲ್ಲೇ ಇದು ಹೆಚ್ಚಾಗಿ ಕೇಳುತ್ತದೆ ಎಂಬುದು ನನಗೆ ಇನ್ನೂ ಬೇಸರದ ಸಂಗತಿ.

ಅಡೋಬ್ ಕಂಪನಿ 1993ರಲ್ಲಿ ಪಿಡಿಎಫ್ ಹೊರತಂದಾಗ ಅದರ ಗುರಿ ಹುಡುಕಾಟವಾಗಿರಲಿಲ್ಲ. ಯಾವ ಯಂತ್ರದಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ಅಚ್ಚು ಹಾಕಿದರೂ ಪುಟ ಒಂದೇ ತೆರನಾಗಿ ಕಾಣಬೇಕು, ಅಷ್ಟೇ. ಹಾಗಾಗಿ ಹಳೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರಂತೆ ಅದರ ಲಕ್ಷ್ಯವೆಲ್ಲ ಆಕಾರದ ಮೇಲೆ: ಈ ತುಂಡು ಇಲ್ಲಿ, ಆ ತುಂಡು ಅಲ್ಲಿ. ಆ ತುಂಡು ಯಾವ ಅಕ್ಷರ ಎಂದು ತಿಳಿಸುವ ಪಟ್ಟಿ ಕಡತದೊಳಗೆ ಬೇರೆಯಾಗಿಯೇ ಇರಬೇಕು. ಹುಡುಕುವಾಗ ಪಿಡಿಎಫ್ ತೋರಿಸುವ ತಂತ್ರಾಂಶ ನೋಡುವುದು ಈ ಪಟ್ಟಿಯನ್ನು, ಪುಟದ ಚಿತ್ರವನ್ನಲ್ಲ.

ಈಗ ‘ಅರ್ಜಿ’ಯನ್ನೇ ಬಿಡಿಸೋಣ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನ ಕೊಟ್ಟಿದೆ. ನೀವು ಟೈಪ್ ಮಾಡಿದ ಅರ್ಜಿ ಅಲ್ಲಿ ಐದು ಸಂಖ್ಯೆ: 3205 ಅಂದರೆ ಅ, 3248 ರ, 3277 ಅರ್ಧಾಕ್ಷರದ ಗುರುತು, 3228 ಜ, 3263 ಇಕಾರದ ಗುಡಿಸು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇದೇ ಪದ ಬರೀ ಮೂರು ಸಂಖ್ಯೆ: 67, 102, 240. ಇಂಗ್ಲಿಷಿನ ದೊಡ್ಡ ‘ಸಿ’ ಕೂರುವ ಜಾಗದಲ್ಲಿ ‘ಅ’, ಚಿಕ್ಕ ‘ಎಫ್’ ಜಾಗದಲ್ಲಿ ‘ಜಿ’, ಐಸ್‌ಲ್ಯಾಂಡಿನ ಭಾಷೆಯ ಅಕ್ಷರವೊಂದರ ಜಾಗದಲ್ಲಿ ಅರ್ಕಾವತ್ತು! ಯೂನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮವರು ಹೂಡಿದ ಜಾಣ ಉಪಾಯವಿದು. ಅಚ್ಚಿಗೆ ಸೊಗಸಾಗಿ ಒದಗಿತು. ಆದರೆ ನೀವು 3205 ಎಂದು ಕೇಳಿದರೆ ಕಡತದಲ್ಲಿರುವುದು 67. ಸಿಗುವುದಾದರೂ ಹೇಗೆ?

ಯೂನಿಕೋಡ್ ಫಾಂಟಿನಲ್ಲಿ ಮಾಡಿದ ಕೈಪಿಡಿಗಳೂ ಕೆಲವೊಮ್ಮೆ ಕೈಕೊಡುತ್ತವೆ. ಕಾರಣ ನನಗೆ ಬಲು ಇಷ್ಟವಾದದ್ದು, ಅದೇ ಅರ್ಕಾವತ್ತು. ‘ರ್’ ಅನ್ನು ನಾವು ಮೊದಲು ಉಚ್ಚರಿಸುತ್ತೇವೆ, ಬರೆಯುವುದು ಮಾತ್ರ ‘ಜಿ’ ಆದ ಮೇಲೆ. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ, ಅರ್ಕಾವತ್ತಿಗೆಂದು ಅದರಲ್ಲಿ ಪ್ರತ್ಯೇಕ ಸಂಖ್ಯೆಯೇ ಇಲ್ಲ. ಪಿಡಿಎಫ್ ಹಿಡಿಯುವುದು ಬರವಣಿಗೆಯ ಕ್ರಮ: ಅ, ಜಿ, ಆಮೇಲೆ ಅರ್ಕಾವತ್ತಿನ ಕೊಂಡಿ. ಅದನ್ನು ಎಡದಿಂದ ಬಲಕ್ಕೆ ಅಕ್ಷರಕ್ಕಿಳಿಸಿದರೆ ‘ಅಜಿರ್’ ಎಂದಾಗುತ್ತದೆ. ಇಂಥ ಕೈಪಿಡಿಯಲ್ಲಿ ‘ಅಜಿರ್’ ಎಂದೇ ಹುಡುಕಿ ನೋಡಿ, ಅರ್ಜಿಗಳೆಲ್ಲ ಒಂದರ ಹಿಂದೊಂದು ಬಣ್ಣ ಹಚ್ಚಿಕೊಂಡು ಎದ್ದು ಕಾಣುತ್ತವೆ! ನನಗಂತೂ ಪ್ರತಿ ಸಲವೂ ಖುಷಿ.

ಸೇಡಂನವರಿಗೆ, ಇದೇ ಪಾಡು ಪಡುತ್ತಿರಬಹುದಾದ ಚಿತ್ತಾಪುರ, ಚಿಂಚೋಳಿಯ ಆಪರೇಟರುಗಳಿಗೆ ಇಷ್ಟು ಹೇಳಬಲ್ಲೆ. ಪುಟದಲ್ಲಿರುವ ಪದವನ್ನೇ ಕಾಪಿ ಮಾಡಿ ಹುಡುಕುವ ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಿ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಿದ್ದರೆ ಹೆದರಬೇಡಿ, ಹಾಗೆಯೇ ಎಂಟರ್ ಒತ್ತಿ. ಕಡತಕ್ಕೆ ಅದರದೇ ಸಂಖ್ಯೆಗಳನ್ನು ಕೊಟ್ಟಂತಾಯಿತು, ಬಹುತೇಕ ಸಿಕ್ಕೇ ಸಿಗುತ್ತದೆ. ಪದವನ್ನು ಆಯ್ಕೆ ಮಾಡಲೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಪುಟ, ಬರೀ ಫೋಟೊ. ಅದಕ್ಕೆ ಟೆಸೆರ‍್ಯಾಕ್ಟ್‌ನಂತಹ ಅಕ್ಷರ ಗುರುತಿಸುವ ತಂತ್ರಾಂಶ ಬೇಕು. ಅದು ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ.

ಕೈಪಿಡಿ ತಯಾರಿಸುವವರಲ್ಲಿ ಒಂದು ಕೋರಿಕೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಸೌಲಭ್ಯ ನುಡಿ, ಬರಹ ತಂತ್ರಾಂಶಗಳೆರಡರಲ್ಲೂ ಇದೆ. ಬದಲಿಸಿ ಪಿಡಿಎಫ್ ಮಾಡಿದ ಮೇಲೆ, ಊರೂರಿಗೆ ಕಳಿಸುವ ಮುನ್ನ, ನೀವೇ ಒಮ್ಮೆ ಅದರಲ್ಲಿ ‘ಅರ್ಜಿ’ ಹುಡುಕಿ ನೋಡಿ.