ಸುಗಂಧರಾಜದ ಎಲೆ ಯಾಕೆ ಮುರುಟುತ್ತೆ?

ಸುಗಂಧರಾಜದ ಎಲೆ ಮುರುಟ್ತಾ ಇದೆಯಾ?
ತಡೀರಿ, ನೀರು ಸುರೀಬೇಡಿ!

ಮೊದಲು ಒಂದು ಬಿಳಿ ಹಾಳೆ ತನ್ನಿ.
ಎಲೆ ಕೆಳಗೆ ಹಿಡಿದು, ಮೆಲ್ಲಗೆ ತಟ್ಟಿ.
ಸಣ್ಣ ಸಣ್ಣ ಗೆರೆಗಳು ಓಡಾಡ್ತಿವೆಯಾ?
ಅದೇ ಥ್ರಿಪ್ಸ್, ಎಲೆಯ ರಸ ಹೀರೋ ಹುಳ.

ಚೀಪಿ ಬಿಸಾಕಿದ ಮಾವಿನಹಣ್ಣಿನ ಸಿಪ್ಪೆ ನೋಡಿದ್ದೀರಲ್ಲ?
ರಸ ಹೋದ್ಮೇಲೆ ಹೇಗೆ ಮುದುಡುತ್ತೆ...
ಎಲೆಗೂ ಅದೇ ಗತಿ.
ಬೆಳ್ಳಿ ಗೀರು ಕಂಡ್ರಂತೂ ಅನುಮಾನವೇ ಬೇಡ.

ತೀರಾ ಕೆಟ್ಟ ಎಲೆ ಕತ್ತರಿಸಿ ಹಾಕಿ.
ಒಂದು ಲೀಟರ್ ನೀರಿಗೆ
ಒಂದು ಟೀ ಚಮಚ ಬೇವಿನೆಣ್ಣೆ,
ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್.
ಚೆನ್ನಾಗಿ ಕಲಕಿ, ಸಂಜೆ ಹೊತ್ತು ಸಿಂಪಡಿಸಿ.
ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ!
ವಾರಕ್ಕೊಂದು ಸಲ, ಮೂರು ವಾರ.

ಮುರುಟಿದ್ದು ನೆಟ್ಟಗಾಗಲ್ಲ.
ಹೊಸ ಎಲೆ ಹೇಗೆ ಬರುತ್ತೆ, ಅದನ್ನ ನೋಡಿ.

ಹಾಳೆ ಮೇಲೆ ಏನೂ ಬೀಳಲಿಲ್ವಾ?
ಮಣ್ಣು ಸರಿಸಿ, ಗೆಡ್ಡೆ ಒತ್ತಿ.
ಮೆತ್ತಗಿದ್ರೆ ಕೊಳೀತಿದೆ.
ನೀರು ಹಾಕೋ ಕೈ, ಸ್ವಲ್ಪ ಹಿಡಿತದಲ್ಲಿರಲಿ ಮಾರಾಯ್ರೆ!